ಕೊರಳೊಳಗಿನ ಮಗ

ಧಾರವಾಡದ ಗ್ರಂಥಿ ಸಂಶೋಧನಾಲಯಕ್ಕೆ ಬಂದ ಹೊಸ ಯಂತ್ರಕ್ಕೆ 'ಒರತೆ' ಎಂದು ಹೆಸರಿಟ್ಟವಳು ಅಲ್ಲಿನ ಸಂಶೋಧಕಿ ನೀಲಾಂಬಿಕೆ. ಬೇಸಿಗೆಯಲ್ಲಿ ಹಳ್ಳ ಒಣಗಿದಾಗ ಹೆಂಗಸರು ಮರಳು ಬಗೆದು ನೀರು ಜಿನುಗುವ ಜಾಗ ಹುಡುಕುತ್ತಾರಲ್ಲ, ಯಂತ್ರದ ಕೆಲಸವೂ ಅದೇ. ರಕ್ತದಲ್ಲಿ ಹರಿಯುವ ಹಾರ್ಮೋನು ಯಾವ ಗ್ರಂಥಿಯಿಂದ, ಆ ಗ್ರಂಥಿಯ ಯಾವ ಜೀವಕೋಶಗಳಿಂದ ಜಿನುಗಿತು ಎಂಬುದನ್ನು ಅದು ಹೇಳುತ್ತಿತ್ತು. ಹಾರ್ಮೋನು ಬಿಡುವ ಕೋಶ ಅದರ ಜೊತೆಗೆ ತನ್ನ ವಂಶವಾಹಿಯ ಚೂರನ್ನೂ ರಕ್ತಕ್ಕೆ ಚೆಲ್ಲುತ್ತದೆ. ಒರತೆ ಆ ಚೂರನ್ನು ಹಿಡಿದು ಓದಿ, ಬಂದ ಊರು, ಮನೆತನ ಎಲ್ಲವನ್ನೂ ಹೇಳಿಬಿಡುತ್ತಿತ್ತು. ಹೆಣ್ಣು ನೋಡಲು ಬಂದ ಬೀಗರೂ ಅಷ್ಟು ವಿಚಾರಿಸುವುದಿಲ್ಲ.

ಯಂತ್ರವನ್ನು ಪರೀಕ್ಷಿಸಲು ಆರೋಗ್ಯವಂತರ ರಕ್ತ ಬೇಕಾಯಿತು. ಪುಕ್ಕಟೆ ಫೇಡೆ ಎಂದರೆ ಧಾರವಾಡದಲ್ಲಿ ಸಾಲು ಹತ್ತುತ್ತದೆ, ರಕ್ತ ಕೊಡಿ ಎಂದರೆ ಯಾರು ಬರುತ್ತಾರೆ? ಕೊನೆಗೆ ಸಂಶೋಧನಾಲಯದವರು ತಂತಮ್ಮ ತಾಯಂದಿರನ್ನೇ ಕರೆತಂದರು. ಮುಖ್ಯಸ್ಥರಾದ ಡಾ. ಜಯತೀರ್ಥರ ತಾಯಿ ಮಡಿ ಮೈಲಿಗೆಯ ಮಾತನ್ನು ಆ ದಿನದ ಮಟ್ಟಿಗೆ ಮನೆಯಲ್ಲೇ ಬಿಟ್ಟು ಬಂದು ತೋಳು ಚಾಚಿದರು. ನೀಲಾ ತನ್ನ ಅವ್ವ ಗುರಸಿದ್ದವ್ವನನ್ನು ಕರೆತಂದಳು.

ಗುರಸಿದ್ದವ್ವ ನಿಜ ಹೇಳಬೇಕೆಂದರೆ ಆರೋಗ್ಯವಂತೆ ಆಗಿರಬಾರದಿತ್ತು. ಹಿಂದೊಮ್ಮೆ ವೈದ್ಯರು ಅವಳ ಥೈರಾಯ್ಡ್ ಗ್ರಂಥಿ ಒಣಗಿಹೋಗಿದೆ, ಬದುಕಿರುವ ತನಕ ಗುಳಿಗೆ ನುಂಗಬೇಕು ಎಂದಿದ್ದರು. ಕೆಲವು ವರ್ಷ ನುಂಗಿದಳು. ಆಮೇಲೆ, "ಗುಳಿಗಿ ತಗೊಂಡ್ರ ಎದಿ ದಡದಡ ಹೊಡಕೊಳ್ತೈತಿ" ಎಂದು ಬಿಟ್ಟಳು. ಬಿಟ್ಟರೂ ಏನೂ ಆಗಲಿಲ್ಲ. ಮೈ ಬೆಚ್ಚಗೆ, ಕೈಕಾಲು ಚುರುಕು. ನೀಲಾ ಬೈದಳು, ಅತ್ತಳು, ಕೊನೆಗೆ ಸೋತು ಸುಮ್ಮನಾದಳು.

ಆ ಮನೆಯಲ್ಲಿ ಇನ್ನೊಂದು ಮಾತಿಗೂ ನೀಲಾ ಸೋತಿದ್ದಳು. ರಾತ್ರಿ ಊಟಕ್ಕೆ ಗುರಸಿದ್ದವ್ವ ಮೂರು ತಾಟು ಇಡುತ್ತಿದ್ದಳು. ಮೂರನೆಯದು ಮಗ ಚನವೀರನದು. ಹನ್ನೊಂದು ವರ್ಷದ ಹಿಂದೆ, ಪಾಲಿಟೆಕ್ನಿಕ್ ಓದುತ್ತಿದ್ದ ಹುಡುಗ, ಬಾಗಲಕೋಟೆಯ ಹಿನ್ನೀರಿನಲ್ಲಿ ಮುಳುಗಿದ ತಮ್ಮ ಹಳೇ ಮನೆಯ ಗೋಡೆ ನೋಡಿಬರುತ್ತೇನೆಂದು ಗೆಳೆಯರ ಜೊತೆ ತೆಪ್ಪ ಹತ್ತಿದ್ದ. ಗೆಳೆಯರು ಈಜಿ ದಡ ಸೇರಿದರು. ಚನವೀರ ಸೇರಲಿಲ್ಲ. ಬಲೆ ಹಾಕಿದರು, ಮುಳುಗಿ ಹುಡುಕುವವರನ್ನು ಕರೆಸಿದರು, ಹೆಣ ಸಿಗಲಿಲ್ಲ. ಹಿರಿಯರು ಕೂಡಿ, ಹುಲ್ಲಿನ ಗೊಂಬೆ ಮಾಡಿ ಅವನ ಹೆಸರಿನಲ್ಲಿ ಮಣ್ಣು ಕೊಟ್ಟುಬಿಡೋಣ, ಜೀವಕ್ಕೆ ನೆಲೆ ಸಿಗುತ್ತದೆ ಎಂದರು. ಗುರಸಿದ್ದವ್ವ ಒಪ್ಪಲಿಲ್ಲ.

"ಹುಲ್ಲಿನ ಮುಂದ ಕುಂತು ಅಳಾಕ ನನಗ ಬರೂದಿಲ್ಲ" ಎಂದಿದ್ದಳು. ಅಂದಿನಿಂದ ಮೂರನೆಯ ತಾಟು. ಬೆಳಗ್ಗೆ ಆ ರೊಟ್ಟಿ ಬೀದಿಯ ಆಕಳಿಗೆ.

ಅವ್ವನ ರಕ್ತದ ಫಲಿತಾಂಶ ಬಂದಾಗ ನೀಲಾ ಮೊದಲು ಶೀಸೆ ಅದಲುಬದಲಾಗಿದೆ ಎಂದುಕೊಂಡಳು. ಹಾರ್ಮೋನು ಕೊರಳಿನಿಂದಲೇ ಬರುತ್ತಿತ್ತು, ಸರಿ. ಆದರೆ ಬಿಡುತ್ತಿದ್ದ ಕೋಶಗಳು ಗುರಸಿದ್ದವ್ವನವಲ್ಲ. ಗಂಡಿನವು. ಅರ್ಧ ಅವಳ ವಂಶ, ಅರ್ಧ ಬೇರೆ. ಮತ್ತೆ ರಕ್ತ ತೆಗೆದಳು, ಯಂತ್ರ ಮತ್ತೆ ಅದನ್ನೇ ಹೇಳಿತು. ಆಗ ಫಲಿತಾಂಶವನ್ನು ಜಯತೀರ್ಥರ ಮುಂದಿಟ್ಟಳು.

ಅವರು ಬಹಳ ಹೊತ್ತು ನೋಡಿ ಕನ್ನಡಕ ತೆಗೆದರು. "ನೋಡ್ರಿ ನೀಲಾಂಬಿಕಾ, ಇದರಾಗ ತಪ್ಪಿಲ್ಲ. ಬಸುರಿನಾಗ ಕೂಸಿನ ಕೋಶಗಳು ತಾಯಿ ರಕ್ತಕ್ಕ ದಾಟ್ತಾವ, ಕೆಲವು ಆಕಿ ಮೈಯಾಗ ಬಿಡಾರ ಹೂಡ್ತಾವ. ಇದು ಎಲ್ಲಾರಿಗೂ ಗೊತ್ತಿರೂ ಸಂಗತಿ. ಆದ್ರ ಬಿಡಾರ ಹೂಡಿದವರು ಇಡೀ ಮನಿ ನಡಸೂದನ್ನ ನಾ ನೋಡಿದ್ದು ಇದ ಮೊದಲ. ತಾಯಿ ಗ್ರಂಥಿ ಒಣಗೇದ, ಮಗನ ಕೋಶ ಆ ಜಾಗಾದಾಗ ಬೆಳದಾವ. ನಿಮಗ ಅಣ್ಣ ಇದ್ದಾರೇನು?"

"ಇದ್ದ" ಎಂದಳು ನೀಲಾ.

ಆ ಸಂಜೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನೀಲಾ ಪಕ್ಕದಲ್ಲಿ ಕೂತು ಹೇಳಿದಳು. ಹೇಳಬೇಕೋ ಬೇಡವೋ ಎಂದು ಅವಳು ಯೋಚಿಸಲೇ ಇಲ್ಲ. ಅಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ರೊಟ್ಟಿ ಉಣ್ಣುವುದು ಯಾವ ಮಗಳಿಗೆ ಸಾಧ್ಯ?

"ಹಾರ್ಮೋನು ಅಂದ್ರ ಬಳೆಗಾರ ಕೂಗಿಕೋತ ಹೋದಂಗ ಯವ್ವಾ. ಓಣಿಯವರ ಎಲ್ಲಾರ ಕಿವಿಗೂ ಬೀಳ್ತೈತಿ, ಬಳಿ ಬೇಕಾದಾಕಿ ಅಷ್ಟ ಬಾಗಲಾ ತಗೀತಾಳ. ಮೈಯಾಗಿನ ಕೋಶಗಳೂ ಹಂಗ, ತಮಗ ಬೇಕಾದ ಹಾರ್ಮೋನಿಗೆ ಅಷ್ಟ ಬಾಗಲಾ. ಆದ್ರ ಈ ಕೊರಳಿನ ಹಾರ್ಮೋನು ಐತಲ್ಲ, ಇದಕ್ಕ ಬಾಗಲಾ ತಗೀದ ಮನೀನ ಇಲ್ಲ. ಒಳಗ ನಡುಮನಿತನಾ ಹೋಗಿ, ಒಲಿ ಉರಿ ಎಷ್ಟಿರಬೇಕು ಅಂತ ಹೇಳತೈತಿ. ನಿನ್ನ ಮೈ ಬೆಚ್ಚಗಿರೂದು ಅದರಿಂದ. ಅದನ್ನ ಮಾಡಾಂವ ನೀ ಅಲ್ಲ, ಅಣ್ಣ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಗುರಸಿದ್ದವ್ವ ಹಿಟ್ಟಿನ ಕೈಯನ್ನೇ ಕೊರಳಿಗೆ ಇಟ್ಟುಕೊಂಡಳು.

"ಇವತ್ತೂ ಮಾಡಾಕತ್ತಾನೇನು?"

"ಹೂಂ. ಈಗೂ."

"ದುಡದು ಅವ್ವನ್ನ ಸಾಕ್ತೀನಿ ಅಂತಿದ್ದ" ಎಂದಳು. ತವೆಯ ಮೇಲಿನ ರೊಟ್ಟಿ ಕರಕಲಾಯಿತು, ಇಬ್ಬರಿಗೂ ತಿರುವಿ ಹಾಕುವ ನೆನಪಾಗಲಿಲ್ಲ. ಆ ರಾತ್ರಿ ಗುರಸಿದ್ದವ್ವ ಮೂರನೆಯ ತಾಟು ಇಡಲಿಲ್ಲ. ತಾನೇ ಒಂದು ರೊಟ್ಟಿ ಹೆಚ್ಚು ಉಂಡು, "ನಾ ಉಂಡ್ರ ಅವನೂ ಉಂಡಂಗಲ್ಲೇನವಾ" ಎಂದಳು. ಅಷ್ಟು ಹಗುರವಾಗಿ ಅವ್ವ ನಕ್ಕಿದ್ದನ್ನು ನೀಲಾ ನೋಡಿ ಎಷ್ಟೋ ವರ್ಷವಾಗಿತ್ತು.

ಆ ನಗು ಬಹಳ ದಿನ ಉಳಿಯಲಿಲ್ಲ. ಕೊರಳಲ್ಲಿ ಗಂಟು ಕಂಡಿತು. ಆಸ್ಪತ್ರೆಯಲ್ಲಿ ಸೂಜಿ ಹಾಕಿ ನೋಡಿದರು, ಕ್ಯಾನ್ಸರ್ ಎಂದರು. ಗಂಟು ಚನವೀರನ ಕೋಶಗಳದ್ದೇ. ಅಷ್ಟು ವರ್ಷ ಇಬ್ಬರ ಕೆಲಸ ತಾವೇ ಮಾಡಿದ ಕೋಶಗಳು ಬೆಳೆಯುವುದನ್ನು ನಿಲ್ಲಿಸಲು ಮರೆತಿದ್ದವು. ಗ್ರಂಥಿ ಪೂರ್ತಿ ತೆಗೆಯಬೇಕು, ಬೇಗ ತೆಗೆದರೆ ಜೀವ ಉಳಿಯುತ್ತದೆ ಎಂದರು ಶಸ್ತ್ರವೈದ್ಯರು.

"ಒಲ್ಲೆ" ಎಂದಳು ಗುರಸಿದ್ದವ್ವ.

ನೀಲಾ ಕಾಲಿಗೆ ಬಿದ್ದಳು. ಕೊನೆಗೆ, ಯಂತ್ರದ್ದೇ ತಪ್ಪಾಗಿತ್ತು, ಅವು ಅಣ್ಣನ ಕೋಶಗಳಲ್ಲ ಎಂದು ಸುಳ್ಳನ್ನೂ ಹೇಳಿ ನೋಡಿದಳು.

ಅವ್ವ ಅವಳ ಗದ್ದ ಹಿಡಿದು ಮುಖ ಎತ್ತಿದಳು. "ಸುಳ್ಳ ಹೇಳಿದ್ದು ಅವತ್ತೋ, ಇವತ್ತೋ?"

ನೀಲಾ ಅಂದು ಬಾಯಿ ತಡೆಯದೆ ಹೇಳಿದ ತನ್ನನ್ನೇ ಶಪಿಸಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವನೇ ಕಲಿಸಿದ್ದಳು. ಆಗ ಅವಳಿಗೆ ಒಂದು ಯೋಚನೆ ಹೊಳೆಯಿತು.

"ಯವ್ವಾ, ಅಣ್ಣಗ ಮಣ್ಣ ಕೊಟ್ಟಿಲ್ಲ ನಾವು. ಕೊಡಾಕ ಏನೂ ಇರಲಿಲ್ಲ. ಈಗ ಐತಿ. ತಗದಿದ್ದನ್ನ ನಾ ನಿನ್ನ ಕೈಯಾಗ ತಂದು ಕೊಡ್ತೀನಿ. ಹಿನ್ನೀರ ದಂಡಿಮ್ಯಾಲ ನೀನ ಮಣ್ಣ ಕೊಡು."

ಗುರಸಿದ್ದವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ಬೆಳಗ್ಗೆ ಎದ್ದು, "ಹುಲ್ಲಲ್ಲ, ಅವನ ಆಗಬೇಕು. ಆಣಿ ಮಾಡು" ಎಂದಳು. ನೀಲಾ ಆಣೆ ಮಾಡಿದಳು.

ಆಣೆ ಮಾಡುವಾಗ ಅದನ್ನು ಮುರಿಯುವ ವಿಚಾರ ಅವಳಿಗಿರಲಿಲ್ಲ, ಇದನ್ನು ನಂಬಬೇಕು. ತೆಗೆದ ಗಂಟಿನ ಬಹುಭಾಗ ಆಸ್ಪತ್ರೆಯ ಪರೀಕ್ಷೆಗೂ ಅಲ್ಲಿಂದ ಬೆಂಕಿಗೂ ಹೋಯಿತು; ಕಾಯಿದೆ ಹಾಗಿತ್ತು. ಆದರೆ ಒಂದು ಚೂರನ್ನು ಜಯತೀರ್ಥರು ಕೇಳಿ ಪಡೆದಿದ್ದರು. ನೀಲಾ ಅದನ್ನು ಗಾಜಿನ ತಟ್ಟೆಯಲ್ಲಿ ಗುಲಾಬಿ ಬಣ್ಣದ ಪೋಷಕ ದ್ರವ ಹಾಕಿ, ಮೈಯ ಶಾಖದಷ್ಟೇ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟಳು. ಒಂದು ದಿನ ಇಟ್ಟು, ಅಳೆದು, ಅವ್ವನಿಗೆ ಕೊಡುವುದೆಂದುಕೊಂಡಿದ್ದಳು.

ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೋಶಗಳು ತಟ್ಟೆಯ ತಳಕ್ಕೆ ಅಂಟಿಕೊಂಡು ಕಾಲು ಚಾಚಿದ್ದವು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕೆಲಸ ಹೇಳಲು ಕಳಿಸುವ ಹಾರ್ಮೋನಿನ ಒಂದು ಹನಿ ಹಾಕಿದಳು. ಕೊರಳಿಲ್ಲ, ತಾಯಿಯಿಲ್ಲ, ಆದರೂ ಅವು ಕರೆಗೆ ಓಗೊಟ್ಟವು. ದ್ರವದಲ್ಲಿ ಹಾರ್ಮೋನು ಜಿನುಗಿದ್ದನ್ನು ಒರತೆ ತೋರಿಸಿತು. ಯಾರ ಮೈ ಬೆಚ್ಚಗಾಗಬೇಕೆಂದು ಕೇಳದೆ ಅಣ್ಣ ಕೆಲಸ ಮಾಡುತ್ತಿದ್ದ. ನೀಲಾ ಆ ಯಂತ್ರದ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಇವನನ್ನು ತೆಗೆದುಕೊಂಡು ಹೋಗಿ ಮಣ್ಣಲ್ಲಿ ಹಾಕುವುದು ಅವಳಿಂದ ಆಗಲಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಲೆಕ್ಕ ಹಾಕಿದಳು. ಬೆಳ್ಳಿಯ ಭರಣಿಯೊಂದರಲ್ಲಿ ಒದ್ದೆ ಹತ್ತಿಯ ಉಂಡೆ ಇಟ್ಟು, ಬಿಳಿ ಬಟ್ಟೆ ಸುತ್ತಿ, ಬಿಚ್ಚಿದರೆ ಸೋಂಕು ಹತ್ತುತ್ತದೆ ಎಂದು ಹೇಳಿ ಅವ್ವನ ಕೈಗೆ ಕೊಟ್ಟಳು. ಹೊಲಿಗೆ ಬಿಚ್ಚಿದ ಕೊರಳಿಗೆ ಸೆರಗು ಸುತ್ತಿಕೊಂಡು ಗುರಸಿದ್ದವ್ವ ಹಿನ್ನೀರಿನ ದಡದಲ್ಲಿ ಕೂತಳು. ಭರಣಿಗೆ ವಿಭೂತಿ ಹಚ್ಚಿದಳು, ಪತ್ರಿ ಏರಿಸಿದಳು. ಹನ್ನೊಂದು ವರ್ಷ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಆ ಹತ್ತಿಯ ಮುಂದೆ ಅತ್ತಳು. "ನನ ಕೂಸ, ತಡಾ ಮಾಡಿದ್ನೆಪಾ" ಎಂದು ಅತ್ತಳು. ಪಕ್ಕದಲ್ಲಿ ನಿಂತ ನೀಲಾಳಿಗೆ ಆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು.

ಆಮೇಲೆ ಬದುಕು ಎರಡು ಪಾಲಾಯಿತು. ಬೆಳಗ್ಗೆ ಮನೆಯಲ್ಲಿ ಬರೀ ಹೊಟ್ಟೆಯಲ್ಲಿ ನುಂಗುವ ಥೈರಾಯ್ಡ್ ಗುಳಿಗೆಯನ್ನು ಅವ್ವನ ಅಂಗೈಯಲ್ಲಿಡಬೇಕು. ಅವ್ವ ಅದನ್ನು ಬಹಳ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡು ನೋಡುತ್ತಿದ್ದಳು. "ಅದ ವಸ್ತು ಯವ್ವಾ, ಅಣ್ಣ ಮಾಡ್ತಿದ್ದನಲ್ಲ, ಅದ. ಯಾರು ಕೊಟ್ರು ಅಂತ ಕೋಶಕ್ಕ ತಿಳಿಯೂದಿಲ್ಲ" ಎನ್ನುತ್ತಿದ್ದಳು ನೀಲಾ. "ಕೋಶಕ್ಕ ತಿಳಿಯೂದಿಲ್ಲ ಬಿಡು" ಎಂದು ಅವ್ವ ನುಂಗುತ್ತಿದ್ದಳು. ಎಷ್ಟೋ ಸಲ ನೀಲಾ ಬಲವಂತ ಮಾಡಬೇಕಾಗುತ್ತಿತ್ತು. ಅವ್ವನ ಕೈ ತಣ್ಣಗಾಗಿತ್ತು. ಪ್ರಮಾಣ ಸರಿಹೊಂದಲು ತಿಂಗಳುಗಳು ಬೇಕು ಎಂದಿದ್ದರು.

ಅಲ್ಲಿಂದ ಸಂಶೋಧನಾಲಯಕ್ಕೆ ಹೋಗಿ ಅಣ್ಣನಿಗೆ ಉಣಿಸಬೇಕು. ಹಳೇ ದ್ರವ ತೆಗೆದು ಹೊಸದು ಹಾಕುವುದು ಅವಳೇ, ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. ಕೋಶಗಳು ನಿಧಾನವಾಗಿ ತಟ್ಟೆ ತುಂಬುತ್ತಿದ್ದವು. ಜಯತೀರ್ಥರಿಗೆ ಹಿಗ್ಗೋ ಹಿಗ್ಗು. ಕ್ಯಾನ್ಸರಾದ್ದರಿಂದ ಇವು ಸಾಯುವುದಿಲ್ಲ, ಕ್ಯಾನ್ಸರಾದರೂ ಕೆಲಸ ಮರೆತಿಲ್ಲ. ಇನ್ನೊಂದು ವಾರದಲ್ಲಿ ಶೀತಲೀಕರಿಸಿ ದಾಸ್ತಾನು ಮಾಡಿ ಬೇರೆ ಬೇರೆ ಸಂಶೋಧನಾಲಯಗಳಿಗೆ ಕಳಿಸೋಣ ಎಂದರು. ಎಷ್ಟು ಜನರ ಒಣಗಿದ ಗ್ರಂಥಿಗೆ ಇದರಿಂದ ದಾರಿ ಸಿಗಬಹುದೆಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಅಮಾವಾಸ್ಯೆಗೆ ಗುರಸಿದ್ದವ್ವ ದಡಕ್ಕೆ ಹೋಗಿ ಎಡೆ ಇಟ್ಟು ಬಂದಳು. ಬಂದವಳು ಕೈಕಾಲು ತೊಳೆದು ಮಗಳ ಎದುರಿಗೆ ಕೂತಳು.

"ನೀಲಾ, ಒಂದ ಮಾತು ಹೇಳೂದಿತ್ತು. ಅವ ಹ್ವಾದ ಮ್ಯಾಲ ನಾ ನಿನ್ನ ಕಡಿ ನೋಡಲಿಲ್ಲವಾ. ಇರಾಕಿನ್ನ ಬಿಟ್ಟು ಇಲ್ಲದವಗ ತಾಟ ಇಟಗೋತ ಕುಂತೆ. ಆದ್ರ ನೀ ನನಗ ಅವನ್ನ ತಂದ ಕೊಟ್ಟಿ. ಇನ್ನ ನನ್ನ ಎದಿ ತಣ್ಣಗಾತು. ನಿನ್ನಂಥಾ ಮಗಳ್ನ ಹಡದದ್ದು ಸಾರ್ಥಕಾತು."

ಬೈದಿದ್ದರೆ ನೀಲಾ ತಾಳಿಕೊಳ್ಳುತ್ತಿದ್ದಳು. ಹೊಗಳಿಕೆಯನ್ನು ತಾಳಲಾಗಲಿಲ್ಲ. ಹುಟ್ಟಿದಾಗಿನಿಂದ ಕಾಯುತ್ತಿದ್ದ ಮಾತು ಕಿವಿಗೆ ಬಿದ್ದ ದಿನವೇ ಅದಕ್ಕೆ ತಾನು ಯೋಗ್ಯಳಲ್ಲ ಎಂದು ಹೇಳಬೇಕಾಯಿತು. ಅವ್ವನ ತೊಡೆಯ ಮೇಲೆ ಮುಖವಿಟ್ಟು ಎಲ್ಲ ಹೇಳಿದಳು.

ಗುರಸಿದ್ದವ್ವ ಕೂಗಾಡಲಿಲ್ಲ. "ಹತ್ತಿಗೆ ಅತ್ನೇನು ನಾನು?" ಎಂದಳು. ಮಗಳ ತಲೆಯನ್ನು ತೊಡೆಯಿಂದ ಎತ್ತಿ, "ಅವ ಎಲ್ಲದಾನ?"

"ಲ್ಯಾಬಿನಾಗ. ಬೆಚ್ಚಗ ಇಟ್ಟೀನಿ ಯವ್ವಾ."

"ನಾಳೆ ಬೆಳಿಗ್ಗೆ ಕರಕೊಂಡ ನಡಿ."

ಮರುದಿನ ಬೆಳಿಗ್ಗೆ ಗುರಸಿದ್ದವ್ವ ಗುಳಿಗೆ ನುಂಗದೆ, ಚಹಾವನ್ನೂ ಕುಡಿಯದೆ ಹೊರಟಳು. ಸಂಶೋಧನಾಲಯದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದಳು. ಎರಡೂ ಕೈ ಚಾಚಿ "ಕೊಡು" ಎಂದಳು. ನೀಲಾ ತಟ್ಟೆಯನ್ನು ಬೆಚ್ಚಗಿನ ಚಿಕ್ಕ ಪೆಟ್ಟಿಗೆಯಲ್ಲಿಟ್ಟು ಕೊಡುವಷ್ಟರಲ್ಲಿ ಜಯತೀರ್ಥರು ಬಾಗಿಲಲ್ಲಿ ನಿಂತಿದ್ದರು.

"ನೀಲಾಂಬಿಕಾ, ಇರೂದು ಅದೊಂದ ತಟ್ಟಿ. ನಿಮಗ ಗೊತ್ತದ." ಆಮೇಲೆ ಗುರಸಿದ್ದವ್ವನಿಗೆ ಕೈಮುಗಿದು, "ಅವ್ವಾರ, ಇದರಿಂದ ಭಾಳ ಮಂದಿಗೆ ಉಪಯೋಗ ಆಗೂದದ. ಇದು ಹೋತಂದ್ರ ಮತ್ತ ಸಿಗೂದಿಲ್ರಿ" ಎಂದರು.

"ಅದನ್ನ ನಾ ಹನ್ನೊಂದ ವರ್ಷದಿಂದ ಬಲ್ಲೆನ್ರಿ ಸಾಹೇಬ್ರ."

ಜಯತೀರ್ಥರಿಗೆ ತಮ್ಮ ತಾಯಿ ರಕ್ತ ಕೊಡಲು ಇಲ್ಲೇ ತೋಳು ಚಾಚಿ ಕೂತದ್ದು ನೆನಪಾಯಿತೋ ಏನೋ, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

ಬಾಗಲಕೋಟೆ ಸೇರಿದಾಗ ಹಿನ್ನೀರಿನ ಮೇಲಿನಿಂದ ಚಳಿಗಾಲದ ಗಾಳಿ ಬೀಸುತ್ತಿತ್ತು. ನೀಲಾ ಹಳೇ ಜಾಗದ ಪಕ್ಕದಲ್ಲೇ ಮಣ್ಣು ತೆಗೆದಳು. ಗುರಸಿದ್ದವ್ವ ಪೆಟ್ಟಿಗೆಯಿಂದ ತಟ್ಟೆಯನ್ನು ತೆಗೆದು ಮುಚ್ಚಳ ಸರಿಸಿದಳು. ಗುಲಾಬಿ ನೀರು ಅಲುಗಿತು.

"ಇದರಾಗ ಇನ್ನಾ ಜೀವ ಐತೇನು?"

"ಐತಿ."

ಕುಣಿಯ ಕಡೆ ಬಗ್ಗಿದ್ದ ಅವ್ವ ಹಾಗೆಯೇ ಹಿಂದಕ್ಕೆ ಸರಿದಳು. "ಜೀವ ಇದ್ದವನ್ನ ಹ್ಯಾಂಗ ಮಣ್ಣ ಮಾಡ್ಲಿ?"

ಇಷ್ಟೆಲ್ಲ ಓದಿದ ನೀಲಾಳಿಗೆ ಇದೊಂದು ಹೊಳೆದಿರಲಿಲ್ಲ. ಪೆಟ್ಟಿಗೆಗೆ ಹಿಂದಿರುಗಿಸಿದರೆ ಅವನು ಸಾಯುವುದಿಲ್ಲ, ಎಂದೂ ಸಾಯುವುದಿಲ್ಲ. ಅವಳು ಪೆಟ್ಟಿಗೆಯ ಕಡೆ ನೋಡಿದಳು. ಅವ್ವನೂ ನೋಡಿದಳು. ಆಮೇಲೆ ಅವ್ವ ಕಾಲು ಮಡಚಿ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಅವತ್ತ ನೀರಾಗ ಒಬ್ಬನ ಇದ್ದ. ಇವತ್ತ ನಾ ಇರ್ತೀನಿ" ಎಂದಳು.

ಹೀಗೆ ಇಬ್ಬರೂ ಕೂತರು. ಗುರಸಿದ್ದವ್ವ ತಟ್ಟೆಯ ಜೊತೆ ಮಾತಾಡಿದಳು. ಮುಳುಗಡೆಗೆ ಬದಲಾಗಿ ಸಿಕ್ಕ ನವನಗರದ ಮನೆ ಮಾರಿ ಧಾರವಾಡಕ್ಕೆ ಬಂದದ್ದು, ಅವನ ಸೈಕಲ್ಲನ್ನು ಯಾರಿಗೂ ಕೊಡದೆ ಇಟ್ಟಿದ್ದು, ತಂಗಿ ದೊಡ್ಡ ವಿಜ್ಞಾನಿ ಆದದ್ದು, ಎಲ್ಲ ಹೇಳಿದಳು. "ನಿನ್ನ ತಂಗಿ ನಿನ್ನ ಬಿಟ್ಟಕೊಡಾಕ ಆಗಲಾರದ ಸುಳ್ಳ ಹೇಳಿದ್ಲು, ಸಿಟ್ಟ ಮಾಡಬ್ಯಾಡ" ಎಂದಳು. ನೀಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಗಾಳಿ ತಾಗಿ ಗುಲಾಬಿ ನೀರು ಮೆಲ್ಲಗೆ ನೇರಳೆಗೆ ತಿರುಗುತ್ತಿತ್ತು. ಬಿಸಿಲು ಇಳಿಯಿತು. ಮೀನು ಹಿಡಿಯುವವರ ತೆಪ್ಪಗಳು ದಡಕ್ಕೆ ಬಂದವು.

"ಹೋದನೇನು?"

ಹೂಂ ಎನ್ನುವುದು ಸುಲಭವಿತ್ತು. "ಗೊತ್ತಿಲ್ಲ ಯವ್ವಾ. ಯಂತ್ರ ಇಲ್ಲದ ನನಗ ಹೇಳಾಕ ಬರೂದಿಲ್ಲ" ಎಂದಳು ನೀಲಾ. ಅವ್ವ ತಲೆಯಾಡಿಸಿ ಮತ್ತೆ ಕಾದಳು.

ಹೊತ್ತು ಮುಳುಗುವ ಮುಂಚೆ ಗುರಸಿದ್ದವ್ವ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ, ತಟ್ಟೆಯ ನೀರಿಗೆ ಎರಡು ಬೆರಳು ತಾಗಿಸಿದಳು. ಬಹಳ ಹೊತ್ತು ಹಾಗೇ ಹಿಡಿದಳು.

"ತಣ್ಣಗಾಗ್ಯಾನ" ಎಂದಳು.

ತಟ್ಟೆಯನ್ನು ಮಣ್ಣಿಗೆ ಬಗ್ಗಿಸಿದಳು. ಒಣನೆಲ ನೀರನ್ನು ಕುಡಿಯಿತು. ವಿಭೂತಿ ಹಾಕಿದಳು, ಪತ್ರಿ ಹಾಕಿದಳು, ಒಂದು ಹಿಡಿ ಮಣ್ಣು ಹಾಕಿದಳು. ನೀಲಾಳೂ ಹಾಕಿದಳು. ಈ ಸಲ ಅವ್ವ ಅಳಲಿಲ್ಲ. ಅತ್ತವಳು ನೀಲಾ.

ಕತ್ತಲಾಗುತ್ತಿದ್ದಂತೆ ಗುರಸಿದ್ದವ್ವ ಮೊಣಕಾಲು ಹಿಡಿದು ಎದ್ದಳು. ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡು ಮಗಳ ಮುಂದೆ ಚಾಚಿದಳು.

"ಬೆಳಿಗ್ಗೆಯಿಂದ ಹೊಟ್ಟಿಗೆ ಏನೂ ಹಾಕಿಲ್ಲ ನಾನು. ಗುಳಿಗಿ ತಂದೀಯೇನು? ಕೊಡು."